ವಾಪಸ್ ಯಾವಾಗ?

ಒಂಬತ್ತು ವರ್ಷದ ನಂತರ ಹಳೇ ಊರಿಗೆ ಹೋಗಿ ಬಂದೆ. ಹದಿನಾಲ್ಕು ವರ್ಷ ಬದುಕಿದ ನಗರ ಅದು. ನಿಲ್ದಾಣಕ್ಕೆ ಬಂದಿದ್ದ ಗೆಳೆಯ ನನ್ನ ಬ್ಯಾಗ್ ಕಿತ್ತುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ. ನಾಲ್ಕು ಹೆಜ್ಜೆ ನಡೆದಿರಲಿಲ್ಲ, ಕೇಳಿದ, "ವಾಪಸ್ ಯಾವಾಗ?"

ಪಾಪ, ಕೇಳಬಾರದ್ದೇನೂ ಕೇಳಲಿಲ್ಲ. ಆದರೂ ನಾನು ತಡವರಿಸಿದೆ. ಯಾಕಂದ್ರೆ ಈ ಒಂಬತ್ತು ವರ್ಷವೂ ಹೊಸ ಊರಿನಲ್ಲಿ ಯಾರೇ ಕೇಳಲಿ, "ಇನ್ನೊಂದೆರಡು ವರ್ಷ ಅಷ್ಟೇ, ಆಮೇಲೆ ವಾಪಸ್" ಅಂತಲೇ ಹೇಳಿಕೊಂಡು ಬಂದಿದ್ದೇನೆ. ನನ್ನ ಬಾಯಲ್ಲಿ ವಾಪಸ್ ಅಂದರೆ ಈ ಊರಿಗೆ ಬರೋದು. ಅವನ ಬಾಯಲ್ಲಿ ಈ ಊರಿಂದ ಹೊರಡೋದು. ಅದೇ ಮಾತು, ದಿಕ್ಕು ಉಲ್ಟಾ.

ಹಳೇ ಮನೆ ನೋಡೋಣ ಅಂತ ಹೊರಟೆವು. ಈಗ ಗೆಳೆಯ ಇರೋದು ಊರಿನ ಇನ್ನೊಂದು ತುದಿಯಲ್ಲಿ, ಅವನಿಗೂ ಆ ಕಡೆ ಹೋಗಿ ವರ್ಷಗಳಾಗಿವೆ. ಗುರುತಿಗೆ ಇಟ್ಟುಕೊಂಡಿದ್ದ ಕಟ್ಟಡ ಒಂದೂ ಇಲ್ಲ. ಕೊನೆಗೆ ಫೋನಿನಲ್ಲಿ ಮ್ಯಾಪ್ ತೆಗೆದೆ. "ಮುಂದೆ ಎಡಕ್ಕೆ ತಿರುಗಿ" ಅಂತ ಅದು ಜೋರಾಗಿ ಹೇಳಿದಾಗ ಯಾರಾದರೂ ಕೇಳಿಸಿಕೊಂಡರೇನೋ ಅಂತ ಅತ್ತಿತ್ತ ನೋಡಿ ವಾಲ್ಯೂಮ್ ತಗ್ಗಿಸಿದೆ. ನನ್ನದೇ ಬೀದಿಗೆ ನನಗೆ ದಾರಿ ಹೇಳಿಸಿಕೊಳ್ಳೋ ಕರ್ಮ!

ಮನೆ ಮಾತ್ರ ಹಾಗೇ ಇತ್ತು. ಮೊದಲನೇ ಮಹಡಿ, ಹದಿನೇಳು ಮೆಟ್ಟಿಲು. ಕೊನೆಯ ಮೆಟ್ಟಿಲು ಮಿಕ್ಕವಕ್ಕಿಂತ ಎರಡು ಬೆರಳು ಎತ್ತರ. ಕಟ್ಟಿದವರು ಎಲ್ಲೋ ಲೆಕ್ಕ ತಪ್ಪಿದ್ದರು, ಮೊದಲ ಸಲ ಬಂದವರೆಲ್ಲ ಅಲ್ಲಿ ಎಡವುತ್ತಿದ್ದರು. ಈ ಸಂಗತಿ ನನಗೆ ಪೂರ್ತಿ ಮರೆತುಹೋಗಿತ್ತು. ಆದರೆ ಹದಿನಾರು ಮೆಟ್ಟಿಲು ಮಾತಾಡಿಕೊಂಡು ಹತ್ತಿದವನ ಕಾಲು ಹದಿನೇಳನೆಯದಕ್ಕೆ ತಾನಾಗಿಯೇ ಎತ್ತರಕ್ಕೆ ಹೋಯಿತು. ಹಿಂದೆ ಬರುತ್ತಿದ್ದ ಗೆಳೆಯ ಎಡವಿ ಕಂಬಿ ಹಿಡಿದುಕೊಂಡ. ಆಗಲೇ ನೆನಪಾಗಿದ್ದು ನನಗೆ.

ಇದು ಸುಮ್ನೆ ಕಥೆ ಅಲ್ಲ, ಸಂಗತಿಗಳ ನೆನಪಿಗೂ ಕೈಕಾಲಿನ ರೂಢಿಯ ನೆನಪಿಗೂ ಮಿದುಳಿನಲ್ಲಿ ಬೇರೆ ಬೇರೆ ಏರ್ಪಾಡು ಇದೆಯಂತೆ. ಹೆನ್ರಿ ಮೊಲೈಸನ್ ಅಂತ ಒಬ್ಬ ಇದ್ದ. ಮೂರ್ಛೆ ರೋಗ ತಗ್ಗಿಸಲು 1953ರಲ್ಲಿ ಅವನ ಮಿದುಳಿನಲ್ಲಿ ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್ ಭಾಗವನ್ನು ಬಹುಪಾಲು ತೆಗೆದುಹಾಕಿದರು. ಆಮೇಲೆ ಹೊಸದೇನೂ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಬ್ರೆಂಡಾ ಮಿಲ್ನರ್ ಎಂಬ ಸಂಶೋಧಕಿ ಅವನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವನ ಕೈ ಪಳಗುತ್ತಾ ಹೋಯಿತು, ಅವನಿಗೆ ಮಾತ್ರ ಪ್ರತಿ ದಿನವೂ ಅದು ಮೊದಲ ದಿನ. ಕೈ ಕಲಿತಿದ್ದು ಅವನಿಗೇ ಗೊತ್ತಿಲ್ಲ! ನನ್ನ ಕಾಲೂ ಅಷ್ಟೇ. ನಾನು ಆ ಊರು ಬಿಟ್ಟಿದ್ದು ಅದಕ್ಕೆ ಯಾರೂ ಹೇಳಿಲ್ಲ.

ಬಾಗಿಲು ತೆರೆದವರು "ಯಾರು ಬೇಕಿತ್ತು?" ಅಂದರು. ಏನು ಹೇಳೋದು? "ಯಾರೂ ಇಲ್ಲ, ಹಿಂದೆ ಇಲ್ಲಿದ್ದೆ, ಸುಮ್ನೆ ಬಂದೆ" ಅಂದೆ. ಒಳಗೆ ಕರೆದರು, ಮನಸ್ಸಿನಿಂದಲೇ ಕರೆದರು. ನಾನು ಹೋಗಲಿಲ್ಲ. ಅವರ ಹೆಗಲ ಮೇಲಿಂದ ಗೋಡೆ ಕಾಣುತ್ತಿತ್ತು, ಹಸಿರು ಬಣ್ಣ. ನಮ್ಮ ಕಾಲದಲ್ಲಿ ಬಿಳಿ. ಅಷ್ಟು ಸಾಕಾಯಿತು.

'ನಾಸ್ಟಾಲ್ಜಿಯಾ' ಅನ್ನೋ ಪದ ಈಗ ಎಲ್ಲರ ಬಾಯಲ್ಲೂ ಇದೆ ಅಲ್ವಾ? ಅದು ಹುಟ್ಟಿದ್ದು ರೋಗದ ಹೆಸರಾಗಿ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಬರೆದ ಪ್ರಬಂಧಕ್ಕಾಗಿ ಎರಡು ಗ್ರೀಕ್ ಪದ ಜೋಡಿಸಿ ಮಾಡಿದ್ದು. ಆಲ್ಗೋಸ್ ಅಂದರೆ ನೋವು. ನಾಸ್ಟೋಸ್ ಅಂದರೆ ಮನೆಗೆ ಹಿಂತಿರುಗೋದು, ಅಂದರೆ ನಮ್ಮ ಇದೇ ವಾಪಸ್! ಅವನ ಪ್ರಕಾರ ಒಳ್ಳೆಯ ಮದ್ದೂ ಅದೇ, ರೋಗಿಯನ್ನು ಊರಿಗೆ ಕಳಿಸಿಬಿಡೋದು.

ನೂರು ವರ್ಷ ಕಳೆದ ಮೇಲೆ ಕಾಂಟ್ ಎಂಬ ತತ್ವಜ್ಞಾನಿ ಇದಕ್ಕೆ ಬೇರೆ ಕಾರಣ ಕೊಟ್ಟ. ಊರಿಗೆ ಹೋದವರ ರೋಗ ವಾಸಿಯಾಗುತ್ತೆ ನಿಜ, ಆದರೆ ಅಲ್ಲಿ ನಿರಾಸೆಯಾಗಿ ವಾಸಿಯಾಗುತ್ತೆ, ಅವರಿಗೆ ಬೇಕಿದ್ದದ್ದು ಊರಲ್ಲ, ಯೌವನ ಅನ್ನೋದು ಅವನ ವಾದ. ಎಲ್ಲರೂ ತಲೆದೂಗೋ ಮಾತು. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಆ ಮನುಷ್ಯ ಜೀವನಪೂರ್ತಿ ತನ್ನೂರಿನ ಆಸುಪಾಸು ಬಿಟ್ಟು ಕದಲಿದವನಲ್ಲ, ಅವನಿಗೇನು ಗೊತ್ತು ಅಂತ ಒಂದು ತಕರಾರು. ಇನ್ನೊಂದು, ನನಗೆ ಆ ವಯಸ್ಸು ವಾಪಸ್ ಬೇಡವೇ ಬೇಡ. ಆಗಿನ ಪರದಾಟ ನನಗೇ ಗೊತ್ತು.

ಹಾಗಾದ್ರೆ ನಾನು ಕಳೆದುಕೊಂಡಿದ್ದೇನು? ಅದು ತಿಳಿದಿದ್ದು ಎರಡನೇ ದಿನ ಸಂಜೆ, ಟ್ರಾಫಿಕ್‌ನಲ್ಲಿ. ಮುಕ್ಕಾಲು ಗಂಟೆಯಿಂದ ಗಾಡಿ ಅಲ್ಲಾಡಿಲ್ಲ. ಗೆಳೆಯ ಬೈಯುತ್ತಿದ್ದ. ರಸ್ತೆ ಅಗೆದವರನ್ನು, ಮುಚ್ಚದೆ ಹೋದವರನ್ನು, ಅಡ್ಡ ನುಗ್ಗುವವರನ್ನು. ನಾನೂ ಹಳೇ ಹುರುಪಿನಲ್ಲಿ ಸೇರಿಕೊಂಡೆ, "ಈ ಊರು ಉದ್ಧಾರ ಆಗಲ್ಲ ಬಿಡೋ" ಅಂದೆ. ಹಿಂದೆಲ್ಲ ಇದೇ ಮಾತು ದಿನಕ್ಕೆ ಹತ್ತು ಸಲ ಆಡುತ್ತಿದ್ದೆವು, ಇಬ್ಬರೂ ಸೇರಿ. ಈ ಸಲ ಅವನು ಸುಮ್ಮನಾದ. ಸ್ವಲ್ಪ ಹೊತ್ತು ಬಿಟ್ಟು, "ನಿನಗೇನಪ್ಪ, ನಾಡಿದ್ದು ಹೋಗ್ತೀಯ" ಅಂದ. ಸಿಟ್ಟಿನಿಂದ ಅಲ್ಲ. ಆದರೂ ಚುಚ್ಚಿತು.

ಬೈಯುವ ಹಕ್ಕು ಹೋಗಿತ್ತು. ಹೊಗಳಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ನೆಂಟರು ಹೊಗಳಬಹುದು. ಬೈಯೋಕೆ ಮಾತ್ರ ನಾಳೆಯೂ ಅದೇ ಗುಂಡಿಯಲ್ಲಿ ಗಾಡಿ ಇಳಿಸುವವನಾಗಿರಬೇಕು. ಕನ್ನಡದಲ್ಲಿ 'ಸೇರೋದು' ಅನ್ನೋ ಮಾತು ಮಜವಾಗಿದೆ ನೋಡಿ. ಊರು ಸೇರಬಹುದು, ಟಿಕೆಟ್ ತಗೊಂಡರೆ ಆಯಿತು. ಊರಿಗೆ ಸೇರೋದು ಬೇರೆ.

ನಾಲ್ಕನೇ ದಿನ ಹೊರಟೆ. ಗೆಳೆಯ ಕಿಟಕಿ ಹತ್ತಿರ ನಿಂತು "ಮತ್ತೆ ಯಾವಾಗ ಬರ್ತೀಯೋ?" ಅಂದ. ಇಬ್ಬರೂ ಒಂದೇ ದಿಕ್ಕಿನ ಮಾತು ಆಡಿದ್ದು ಆಗಲೇ ಅನ್ನಿಸುತ್ತೆ.

ಇಲ್ಲಿ ಇಳಿದಾಗ ರಾತ್ರಿ ಹತ್ತು. ಮನೆ ನಾಲ್ಕನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಬ್ಯಾಗ್ ಹೊತ್ತು, ಜೋರಾಗಿಯೇ ಬೈಯುತ್ತಾ ಹತ್ತಿದೆ. ಎರಡನೇ ಮಹಡಿಯ ಹಿರಿಯರು ಬಾಗಿಲು ತೆರೆದು, "ಬಂದ್ರಾ? ಶುಕ್ರವಾರದಿಂದ ಹೀಗೇ ನೋಡಿ" ಅಂತ ತಾವೂ ಬೈದರು. ಅವರದು ಮುಗಿದ ಮೇಲೆ ನಾನು, ನನ್ನದು ಮುಗಿದ ಮೇಲೆ ಅವರು. ಕೊನೆಗೆ ಬಾಗಿಲು ಹಾಕಿಕೊಳ್ಳುವಾಗ, ಮರೆತಿದ್ದೇನೋ ನೆನಪಾದವರಂತೆ ಹೇಳಿದರು, "ನಿನ್ನೆ ಎಲ್ಲ ಸೇರಿ ಮಾತಾಡಿದ್ವಿ. ನೀವು ಇರಲಿಲ್ಲ, ಅದಕ್ಕೆ ಲಿಫ್ಟ್ ರಿಪೇರಿ ಜವಾಬ್ದಾರಿ ನಿಮಗೇ ಹಾಕಿದೀವಿ."

ನಾಳೆ ಬೆಳಿಗ್ಗೆ ಮೊದಲು ಆ ಲಿಫ್ಟಿನವರಿಗೆ ಫೋನ್ ಮಾಡಬೇಕು.