ಬ್ರೆಡ್ ತಂದ ಮೇಲೆ ಅದನ್ನು ಯಾವುದರಲ್ಲಿ ಇಡುತ್ತೀರಿ?

ಬ್ರೆಡ್ ವಿಷಯ ಬಂದರೆ ಎಲ್ಲರೂ ಒಳಗೆ ಏನಿದೆ ಅನ್ನುವುದನ್ನೇ ಮಾತಾಡುತ್ತಾರೆ. ಮೈದಾ ಒಳ್ಳೆಯದಾ, ಗೋಧಿ ಬ್ರೆಡ್ ನಿಜವಾಗಿ ಗೋಧಿಯದೇನಾ, ಸಕ್ಕರೆ ಎಷ್ಟು ಹಾಕಿದ್ದಾರೆ. 2016ರಲ್ಲಿ ದೆಹಲಿಯ ಪರಿಸರ ಸಂಶೋಧನೆಯ ಸಿಎಸ್‌ಇ ಸಂಸ್ಥೆ ಬ್ರೆಡ್‌ಗಳನ್ನು ಪರೀಕ್ಷಿಸಿ ಹಿಟ್ಟು ಚೆನ್ನಾಗಿ ಉಬ್ಬಲು ಹಾಕುವ, ಕ್ಯಾನ್ಸರ್ ತರಬಹುದು ಅನ್ನುವ ಅನುಮಾನವಿರುವ ಪೊಟ್ಯಾಸಿಯಂ ಬ್ರೋಮೇಟ್ ವಿಷಯ ಹೊರಗೆ ಹಾಕಿತಲ್ಲ, ಆಗ ದೇಶವೆಲ್ಲಾ ಅದೇ ಸುದ್ದಿ. ಮುಂದಿನ ತಿಂಗಳೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಅದನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ಅದೇ ಬ್ರೆಡ್ ಮನೆಗೆ ಬಂದ ಮೇಲೆ ಎರಡು ಮೂರು ದಿನ ಯಾವುದರೊಳಗೆ ಕೂತಿರುತ್ತದೆ, ಆ ಕವರ್ ಎಂಥದ್ದು, ಎಲ್ಲಿ ಇಟ್ಟಿದ್ದೇವೆ ಅನ್ನುವುದು ಯಾರಿಗೂ ಮುಖ್ಯ ಅನ್ನಿಸುವುದೇ ಇಲ್ಲ. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಒಲೆಯಿಂದ ಹೊರಗೆ ಬರುವಾಗ ಬ್ರೆಡ್ ಮೇಲೆ ಜೀವಂತ ಬೂಷ್ಟು ಇರುವುದಿಲ್ಲ. ಆ ಬಿಸಿಗೆ ಬೂಷ್ಟಿನ ಕಣಗಳು ಸಾಯುತ್ತವೆ. ನಾವು ಬ್ರೆಡ್ ಮೇಲೆ ನೋಡುವ ಹಸಿರು, ಕಪ್ಪು, ಬಿಳಿ ಬೂಷ್ಟೆಲ್ಲಾ ಆಮೇಲೆ ಬಂದು ಕೂತದ್ದು. ಬೇಕರಿಯ ಗಾಳಿಯಿಂದ, ಸ್ಲೈಸ್ ಮಾಡುವ ಯಂತ್ರದ ಬ್ಲೇಡಿನಿಂದ, ಕೈಯಿಂದ, ಕವರಿನಿಂದ, ನಮ್ಮ ಅಡುಗೆಮನೆಯ ಕಟ್ಟೆಯಿಂದ. ಅಂದರೆ ಬ್ರೆಡ್ ಕೆಡುವ ಕಥೆ ಬಹುಪಾಲು ಬೇಯಿಸಿದ ನಂತರದ ಕಥೆ. ಹಾಗಾಗಿ ಕವರ್ ಅನ್ನುವುದು ಸಣ್ಣ ವಿಷಯ ಅಲ್ಲ.

ಈಗ ಕಷ್ಟ ಎಲ್ಲಿದೆ ಅಂದರೆ, ಬ್ರೆಡ್‌ಗೆ ಇರುವುದು ಎರಡು ಕಾಟ, ಎರಡೂ ಒಂದಕ್ಕೊಂದು ವಿರುದ್ಧ. ಒಂದು ಒಣಗುವುದು. ಇನ್ನೊಂದು ಬೂಷ್ಟು. ಒಣಗಬಾರದು ಅಂದರೆ ಗಾಳಿ ಆಡದ ಹಾಗೆ ಮುಚ್ಚಬೇಕು. ಬೂಷ್ಟು ಬರಬಾರದು ಅಂದರೆ ತೇವ ಕೂರಬಾರದು, ಅಂದರೆ ಗಾಳಿ ಆಡಬೇಕು. ಬ್ರೆಡ್‌ನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಕವರಿನೊಳಗೆ ಆ ನೀರು ಎಲ್ಲಿಗೂ ಹೋಗುವುದಿಲ್ಲ, ಒಳಗಿನ ಗಾಳಿ ಪೂರ್ತಿ ತೇವವಾಗಿ ನಿಲ್ಲುತ್ತದೆ. ಅದಕ್ಕೆ 25-30 ಡಿಗ್ರಿ ಸೆಖೆ ಸೇರಿದರೆ ಬೂಷ್ಟಿಗೆ ಇನ್ನೇನು ಬೇಕು? ಎರಡೂ ಕಾಟವನ್ನು ಒಟ್ಟಿಗೆ ತಡೆಯುವ ಒಂದೇ ಕವರ್ ಇಲ್ಲ. ಯಾರಾದರೂ ಇದೆ ಅಂತ ಮಾರುತ್ತಿದ್ದರೆ ನಂಬಬೇಡಿ. ನಿಮ್ಮ ಊರಿನ ಹವೆ ಯಾವುದು, ಎಷ್ಟು ದಿನದಲ್ಲಿ ತಿಂದು ಮುಗಿಸುತ್ತೀರಿ, ಈ ಎರಡನ್ನು ನೋಡಿ ಕವರ್ ಆರಿಸಬೇಕು ಅನ್ನುವುದೇ ನನ್ನ ವಾದ.

ನಾನು ಬೆಳೆದದ್ದು ಉಡುಪಿ ಕಡೆ. ಮಳೆಗಾಲದಲ್ಲಿ ಅಲ್ಲಿ ಬಟ್ಟೆ ಒಣಗುವುದಿಲ್ಲ, ಹಪ್ಪಳ ಮೆತ್ತಗಾಗುತ್ತದೆ, ಬ್ರೆಡ್ ಅಂತೂ ಕೇಳಲೇಬೇಡಿ. ಅಕ್ಕ ಇರುವುದು ಧಾರವಾಡದಲ್ಲಿ. ಬೇಸಿಗೆಯಲ್ಲಿ ಅವಳ ಮನೆಯಲ್ಲಿ ಬ್ರೆಡ್ ಬಿಚ್ಚಿಟ್ಟರೆ ಸಂಜೆಯೊಳಗೆ ಅಂಚು ರಸ್ಕ್ ಥರ ಆಗಿರುತ್ತದೆ. ಒಂದೇ ರಾಜ್ಯ, ಒಂದೇ ಥರದ ಬ್ರೆಡ್, ಆದರೆ ಅವಳಿಗೆ ಹೇಳುವ ಉಪಾಯ ಅಮ್ಮನಿಗೆ ನಡೆಯುವುದಿಲ್ಲ. ಯೂರೋಪಿನ ಯಾರೋ ವಿಡಿಯೋದಲ್ಲಿ ಲಿನನ್ ಚೀಲದಲ್ಲಿ ಬ್ರೆಡ್ ಇಟ್ಟು ತೋರಿಸುತ್ತಾರೆ, ನೋಡಲು ತುಂಬಾ ಚಂದ. ಆದರೆ ಅವರದ್ದು ದಪ್ಪ ಸಿಪ್ಪೆಯ, ಹುಳಿ ಹಿಟ್ಟಿನ ಬ್ರೆಡ್. ಆ ಹುಳಿಯೇ ಬೂಷ್ಟನ್ನು ಸ್ವಲ್ಪ ತಡೆಯುತ್ತದೆ, ಊರೂ ತಣ್ಣಗಿರುತ್ತದೆ. ನಮ್ಮ ಅಯ್ಯಂಗಾರ್ ಬೇಕರಿಯ ಮೆತ್ತಗಿನ ಹಾಲು ಬ್ರೆಡ್ಡನ್ನು ಹಾಗೆ ಬಟ್ಟೆ ಚೀಲದಲ್ಲಿ ಇಟ್ಟರೆ ಬೆಳಗ್ಗೆಗೆ ಒಣಗಿರುತ್ತದೆ. ಬಟ್ಟೆ, ಕಾಗದದ ಚೀಲ ಇವೆಲ್ಲಾ ಬೆಳಗ್ಗೆ ತಂದು ರಾತ್ರಿಯೊಳಗೆ ಮುಗಿಸುವ ಬನ್ನಿಗೆ, ಗಟ್ಟಿ ಸಿಪ್ಪೆಯ ಪಾವ್‌ಗೆ ಸರಿ. ಅಷ್ಟೇ.

ಇನ್ನು ಫ್ರಿಜ್. ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ, ಯಾಕೆಂದರೆ ನಾನು ನೋಡಿದ ಹತ್ತು ಮನೆಯಲ್ಲಿ ಎಂಟು ಮನೆಯವರು ಬ್ರೆಡ್ ತಂದ ಕೂಡಲೇ ಫ್ರಿಜ್‌ಗೆ ತಳ್ಳುತ್ತಾರೆ. ಫ್ರಿಜ್‌ನಲ್ಲಿ ಬೂಷ್ಟು ನಿಧಾನ ಆಗುತ್ತದೆ, ಅದು ನಿಜ. ಆದರೆ ಬ್ರೆಡ್ ಬೇಗ ಹಳಸಲಾಗುತ್ತದೆ, ಗಟ್ಟಿಯಾಗಿ ಪುಡಿಪುಡಿ ಆಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೂ ಅಷ್ಟೇ. ಯಾಕೆಂದರೆ ಹಳಸಲಾಗುವುದಕ್ಕೂ ನೀರು ಆರುವುದಕ್ಕೂ ನೇರ ಸಂಬಂಧ ಇಲ್ಲ. ಫ್ರಾನ್ಸಿನ ರಸಾಯನ ವಿಜ್ಞಾನಿ ಬೂಸಿಂಗೋ ಇದನ್ನು 1852ರಲ್ಲೇ ತೋರಿಸಿಕೊಟ್ಟಿದ್ದಾರೆ. ನೀರು ಆರದಂತೆ ಮುಚ್ಚಿಟ್ಟ ಬ್ರೆಡ್ಡೂ ಹಳಸಲಾಗುತ್ತದೆ, ಮತ್ತೆ ಬಿಸಿ ಮಾಡಿದರೆ ಮೆತ್ತಗಾಗುತ್ತದೆ ಅಂತ. ಬೇಯುವಾಗ ಹಿಟ್ಟಿನ ಪಿಷ್ಟ ನೀರು ಹೀರಿ ಸಡಿಲ ಆಗಿರುತ್ತದೆ. ತಣ್ಣಗಾದ ಮೇಲೆ ಅದು ನಿಧಾನವಾಗಿ ಮತ್ತೆ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತಾ ಹೋಗುತ್ತದೆ. ಈ ಜೋಡಣೆ ಅತಿ ಬೇಗ ನಡೆಯುವುದು ಹೆಪ್ಪುಗಟ್ಟುವ ಮಟ್ಟಕ್ಕಿಂತ ಸ್ವಲ್ಪ ಮೇಲಿನ ತಂಪಿನಲ್ಲಿ, ಅಂದರೆ ಸರಿಯಾಗಿ ನಮ್ಮ ಫ್ರಿಜ್‌ನೊಳಗಿನ ತಂಪಿನಲ್ಲಿ. 60 ಡಿಗ್ರಿ ದಾಟಿ ಬಿಸಿ ಮಾಡಿದರೆ ಮತ್ತೆ ಸಡಿಲ ಆಗುತ್ತದೆ. ಅದಕ್ಕೇ ಹಳೆಯ ಬ್ರೆಡ್ಡನ್ನು ತವದ ಮೇಲೆ ಹಾಕಿ ಎರಡು ಹನಿ ನೀರು ಚಿಮುಕಿಸಿ ಮುಚ್ಚಿದರೆ ಹೊಸದರ ಹಾಗೆ ಆಗುವುದು. ಆರುವ ಮೊದಲು ತಿಂದುಬಿಡಬೇಕು, ಅದು ಬೇರೆ ಮಾತು.

ಹಾಗಾದರೆ ಏನು ಮಾಡಬೇಕು? ಇವತ್ತು, ನಾಳೆ ತಿನ್ನುವಷ್ಟು ಹೊರಗೆ. ಮಿಕ್ಕಿದ್ದು ತಂದ ದಿನವೇ ಫ್ರೀಜರ್‌ಗೆ. ಫ್ರಿಜ್‌ನ ಕೆಳಗಿನ ಖಾನೆಗೆ ಅಲ್ಲ, ಮೇಲಿನ ಫ್ರೀಜರ್‌ಗೆ. -18 ಡಿಗ್ರಿಯಲ್ಲಿ ಬೂಷ್ಟು ಬೆಳೆಯುವುದೂ ನಿಲ್ಲುತ್ತದೆ, ಪಿಷ್ಟದ ಆಟವೂ ಹೆಚ್ಚುಕಡಿಮೆ ನಿಲ್ಲುತ್ತದೆ. ಅಲ್ಲಿ ಕವರ್ ತುಂಬಾ ಮುಖ್ಯ. ಬೇಕರಿಯ ತೆಳು ಕವರ್ ಒಂದೇ ಸಾಲದು, ಫ್ರೀಜರ್‌ನ ಒಣ ಗಾಳಿ ಬ್ರೆಡ್‌ನ ನೀರನ್ನು ಎಳೆಯುತ್ತದೆ, ಪಕ್ಕದಲ್ಲಿರುವ ಮೀನಿನ ವಾಸನೆಯೂ ಬಂದು ಕೂರುತ್ತದೆ. ನಾನು ಬೇಕರಿ ಕವರನ್ನು ಗಾಳಿ ಒತ್ತಿ ತೆಗೆದು ಕಟ್ಟಿ, ಅದನ್ನು ಇನ್ನೊಂದು ದಪ್ಪ ಜಿಪ್ ಕವರಿನೊಳಗೆ ಹಾಕುತ್ತೇನೆ. ಸ್ಲೈಸ್ ಆದದ್ದಾದರೆ ಬೇಕಾದಷ್ಟೇ ತೆಗೆದು ಕರಗಿಸದೆ ಸೀದಾ ತವದ ಮೇಲೆ ಹಾಕಬಹುದು. ಪೂರ್ತಿ ಕಟ್ಟನ್ನು ಕರಗಿಸಿ ಮತ್ತೆ ಒಳಗೆ ಇಡುವ ಕೆಲಸ ಮಾತ್ರ ಬೇಡ. ದಿನಾ ಕರೆಂಟ್ ಹೋಗುವ ಊರಾದರೆ ಫ್ರೀಜರ್ ನೆಚ್ಚಿಕೊಂಡು ಜಾಸ್ತಿ ತಂದು ತುಂಬಬೇಡಿ. ಅರ್ಧ ಪೌಂಡ್ ತನ್ನಿ, ಮುಗಿಸಿ, ಮತ್ತೆ ತನ್ನಿ.

ಹೊರಗೆ ಇಡುವುದಕ್ಕೆ ನನ್ನ ಪ್ರಕಾರ ಬೇಕರಿಯವರು ಕೊಟ್ಟ ಸ್ವಚ್ಛ, ಪಾರದರ್ಶಕ ಕವರೇ ಒಳ್ಳೆಯದು. ಪ್ಲಾಸ್ಟಿಕ್ ಅಂದ ಕೂಡಲೇ ಮುಖ ಸಿಂಡರಿಸುವವರು ಇದ್ದಾರೆ, ಅವರ ಕಾಳಜಿ ನನಗೂ ಅರ್ಥವಾಗುತ್ತದೆ. ಆದರೆ ಆಹಾರಕ್ಕೆಂದೇ ಮಾಡಿದ ಪಾಲಿಥಿನ್ ಅಥವಾ ಪಾಲಿಪ್ರೊಪಿಲಿನ್ ಕವರಿನಲ್ಲಿ ಆರಿದ ಬ್ರೆಡ್ ಎರಡು ದಿನ ಇದ್ದರೆ ಭಯಪಡುವಂಥದ್ದು ಏನಿಲ್ಲ. ಭಯಪಡಬೇಕಾದದ್ದು ಬೇರೆ ಕಡೆ ಇದೆ. ಅರ್ಧ ಕೊಂಡ ಬ್ರೆಡ್ಡನ್ನು, ಬನ್ನನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಾರಲ್ಲ, ಅದು. ಸುದ್ದಿಪತ್ರಿಕೆಯ ಶಾಯಿ ತಿನ್ನುವುದಕ್ಕೆ ಮಾಡಿದ್ದಲ್ಲ, ಆ ಪೇಪರು ಎಷ್ಟು ಕೈ ದಾಟಿ, ಯಾವ ಗೋಡೌನಿನಲ್ಲಿ ಬಿದ್ದು ಬಂದಿದೆಯೋ ಯಾರಿಗೂ ಗೊತ್ತಿಲ್ಲ. ಆಹಾರವನ್ನು ಇದರಲ್ಲಿ ಕಟ್ಟಬೇಡಿ ಅಂತ ಎಫ್‌ಎಸ್‌ಎಸ್‌ಎಐ 2016ರಲ್ಲೇ ಹೇಳಿದೆ, 2018ರ ಪ್ಯಾಕೇಜಿಂಗ್ ನಿಯಮದಲ್ಲಿ ನಿಷೇಧವೂ ಇದೆ. ಆದರೂ ನಡೆಯುತ್ತಲೇ ಇದೆ. ಬೆಣ್ಣೆ ಹಚ್ಚಿದ ಬನ್ನಿಗಂತೂ ಇನ್ನೂ ಕೆಟ್ಟದ್ದು, ಜಿಡ್ಡು ಶಾಯಿಯನ್ನು ಬೇಗ ಎಳೆದುಕೊಳ್ಳುತ್ತದೆ. ಕಪ್ಪು ಕ್ಯಾರಿ ಬ್ಯಾಗೂ ಹಾಗೇ. ಯಾವ ಯಾವ ಹಳೆ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದೋ ಏನೋ, ಅದರೊಳಗೆ ಬ್ರೆಡ್ಡನ್ನು ನೇರವಾಗಿ ಹಾಕಿಸಿಕೊಳ್ಳಬೇಡಿ.

ಇನ್ನೊಂದು ಅಭ್ಯಾಸ, ಇದು ಒಳ್ಳೆಯ ಮನಸ್ಸಿನಿಂದಲೇ ನಡೆಯುತ್ತದೆ. ಬ್ರೆಡ್ ಕವರ್ ಎಸೆಯದೆ ಕೊಡವಿ, ಒಳಮೈ ಹೊರಗೆ ಮಾಡಿ, ಅದರಲ್ಲಿ ಚಪಾತಿಯೋ ಕೊತ್ತಂಬರಿಯೋ ಇಡುವುದು. ನಮ್ಮ ಅಮ್ಮಂದಿರ ತಲೆಮಾರು ಏನನ್ನೂ ಸುಮ್ನೆ ಎಸೆಯುವುದಿಲ್ಲ, ಅದು ಗೌರವಿಸಬೇಕಾದ ಗುಣ. ಆದರೆ ಹಾಗೆ ಉಲ್ಟಾ ಮಾಡಿದಾಗ ಬಣ್ಣ ಅಚ್ಚಾದ ಭಾಗ ಆಹಾರಕ್ಕೆ ತಾಗುತ್ತದೆ. ಅಮೆರಿಕದ ನ್ಯೂಜೆರ್ಸಿಯ ಸಂಶೋಧಕರು 1991ರಲ್ಲಿ ಸರಿಯಾಗಿ ಇದನ್ನೇ ಹೇಳಿದ್ದರು. ಅಲ್ಲಿನ ಬ್ರೆಡ್ ಕವರುಗಳ ಹೊರಗಿನ ಬಣ್ಣದಲ್ಲಿ ಸೀಸ ಸಿಕ್ಕಿತ್ತು, ಕವರ್ ಮರುಬಳಸುವ ಕುಟುಂಬಗಳಲ್ಲಿ ಕೆಲವರು ಅದನ್ನು ಉಲ್ಟಾ ಮಾಡಿಯೇ ಆಹಾರ ಇಡುತ್ತಿದ್ದರು. ಅದು ಅಲ್ಲಿನ, ಆ ಕಾಲದ ಶಾಯಿ, ನಿಜ. ಆದರೂ ಅಚ್ಚಿನ ಮೈ ಆಹಾರಕ್ಕೆ ತಾಗಬಾರದು ಅನ್ನುವ ಮಾತು ಎಲ್ಲಾ ಕಾಲಕ್ಕೂ ಸರಿ. ಮರುಬಳಸಿ, ಖಂಡಿತ. ಉಲ್ಟಾ ಮಾಡಬೇಡಿ. ಹಳೆಯ ಕವರಿಗೇ ಹೊಸ ಬ್ರೆಡ್ ಹಾಕಬೇಡಿ, ಮೂಲೆಯ ಚೂರಿನಲ್ಲಿ ಬೂಷ್ಟು ಕಾದು ಕೂತಿರುತ್ತದೆ.

ಪ್ಲಾಸ್ಟಿಕ್ ಬೇಡವೇ ಬೇಡ ಅನ್ನುವವರಿಗೆ ಸ್ಟೀಲ್ ಡಬ್ಬಿ ಇದೆ. ಬ್ರೆಡ್ಡನ್ನು ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಹೆಚ್ಚಿನ ತೇವವನ್ನು ಬಟ್ಟೆ ಹೀರುತ್ತದೆ, ಡಬ್ಬಿ ಒಣಗದ ಹಾಗೆ ನೋಡಿಕೊಳ್ಳುತ್ತದೆ. ಧಾರವಾಡದ ಅಕ್ಕನಿಗೆ ಇದು ತುಂಬಾ ಚೆನ್ನಾಗಿ ಹೊಂದಿದೆ. ಬಟ್ಟೆ ಮಾತ್ರ ಪ್ರತಿ ಸಲ ಒಗೆದು ಬಿಸಿಲಿಗೆ ಹಾಕಬೇಕು, ಡಬ್ಬಿಯನ್ನು ಬಿಸಿ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಕರಾವಳಿಯ ಮಳೆಗಾಲಕ್ಕೆ ಇದೂ ಸಾಲದು. ಅಲ್ಲಿ ಚಿಕ್ಕ ಬ್ರೆಡ್ ಮತ್ತು ಫ್ರೀಜರ್, ಎರಡೇ ದಾರಿ.

ಕೊಳ್ಳುವಾಗಲೇ ನೋಡಬೇಕಾದ್ದೂ ಇದೆ. ಕವರಿನ ಒಳಗೆ ನೀರಿನ ಹನಿ ಕಂಡರೆ ಆ ಪೊಟ್ಟಣ ತೆಗೆದುಕೊಳ್ಳಬೇಡಿ. ಬಿಸಿ ಆರುವ ಮೊದಲೇ ಕತ್ತರಿಸಿ ಕವರಿಗೆ ತುಂಬಿದ್ದಾರೆ ಅಂತ ಅರ್ಥ, ಅದು ಬೂಷ್ಟಿಗೆ ಆಹ್ವಾನ. ಬಿಸಿ ಬಿಸಿ ಬ್ರೆಡ್ ಸಿಕ್ಕಿತು ಅಂತ ಖುಷಿಯಾದರೆ ಮನೆಗೆ ಬಂದು ಕವರ್ ಬಿಚ್ಚಿ ಪೂರ್ತಿ ಆರಿಸಿ, ಆಮೇಲೆ ಕಟ್ಟಿ. ಸಾಧ್ಯವಾದರೆ ಸ್ಲೈಸ್ ಮಾಡದ ಇಡೀ ಬ್ರೆಡ್ ತನ್ನಿ, ಬ್ಲೇಡ್ ತಾಗದಿದ್ದರೆ ಒಳಗೆ ಬೂಷ್ಟು ಕೂರಲು ಜಾಗವೇ ಕಡಿಮೆ. ಬ್ರ್ಯಾಂಡ್ ಬ್ರೆಡ್‌ಗಳ ಮೇಲೆ ಸಾಮಾನ್ಯವಾಗಿ 282 ಅನ್ನುವ ನಂಬರ್ ಇರುತ್ತದೆ, ಅದು ಕ್ಯಾಲ್ಸಿಯಂ ಪ್ರೊಪಿಯೊನೇಟ್, ಬೂಷ್ಟು ತಡೆಯಲು ಅನುಮತಿ ಇರುವ ಪದಾರ್ಥ. ಅದರಿಂದ ನಾಲ್ಕೈದು ದಿನ ಬರುತ್ತದೆ. ಅದು ಹಾಕದ ಬೇಕರಿ ಬ್ರೆಡ್ ಅಷ್ಟು ದಿನ ಬರಬೇಕು ಅಂತ ಕಾಯುವುದು ತಪ್ಪು.

ಬೂಷ್ಟು ಬಂದ ಮೇಲೆ ಏನು? ಆ ತುಂಡು ಕಿತ್ತು ಮಿಕ್ಕಿದ್ದು ತಿನ್ನಬೇಡಿ, ದಯವಿಟ್ಟು. ಬ್ರೆಡ್ ತೂತುತೂತಾಗಿರುವ ಪದಾರ್ಥ. ಮೇಲೆ ಕಾಣುವುದು ಚುಕ್ಕೆ, ಎಳೆಗಳು ಒಳಗೆಲ್ಲಾ ಹರಡಿರುತ್ತವೆ. ಕೆಲವು ಬೂಷ್ಟುಗಳು ವಿಷವನ್ನೂ ಮಾಡುತ್ತವೆ, ಅದು ಟೋಸ್ಟ್ ಮಾಡಿದರೆ ಹೋಗುವುದಿಲ್ಲ. ಮೂಗಿಗೆ ಹಿಡಿದು ಮೂಸುವುದೂ ಬೇಡ, ಉಬ್ಬಸ ಇರುವವರಿಗೆ ತೊಂದರೆ. ಬೇಸಿಗೆಯಲ್ಲಿ ಇನ್ನೊಂದು ಥರ ಕೆಡುವುದಿದೆ, ಅದರಲ್ಲಿ ಬೂಷ್ಟೇ ಕಾಣುವುದಿಲ್ಲ. ಬ್ರೆಡ್ ಮುರಿದರೆ ಒಳಗೆ ಅಂಟಂಟಾಗಿ ನೂಲು ಎಳೆದ ಹಾಗೆ ಬರುತ್ತದೆ, ಕಳಿತ ಅನಾನಸ್ ಥರ ವಾಸನೆ. ಅದು ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾದ ಕೆಲಸ. ಬೂಷ್ಟು ಒಲೆಯಲ್ಲಿ ಸಾಯುತ್ತದೆ, ಇದು ಸಾಯುವುದಿಲ್ಲ, ಅದರ ಬೀಜಕಣಗಳು ಬಿಸಿಯನ್ನು ತಡೆದುಕೊಂಡು ಉಳಿಯುತ್ತವೆ. ಹಣ್ಣಿನ ವಾಸನೆ ಬಂದ ಸಾದಾ ಬ್ರೆಡ್ ಕಂಡರೆ ಎಸೆಯಿರಿ. ಎಸೆಯುವಾಗ ಕವರ್ ಸಮೇತ ಬೀದಿಗೆ ಬಿಸಾಡಬೇಡಿ. ಹಸು ಬ್ರೆಡ್ ವಾಸನೆಗೆ ಬಂದು ಪ್ಲಾಸ್ಟಿಕ್ಕನ್ನೂ ನುಂಗುತ್ತದೆ. ಬೂಷ್ಟು ಹಿಡಿದ ಬ್ರೆಡ್ ಹಸುವಿಗೆ ಹಾಕಿದರೆ ಪುಣ್ಯವೂ ಅಲ್ಲ, ಅದಕ್ಕೂ ಅದು ವಿಷವೇ. ಬ್ರೆಡ್ ಹಸಿ ಕಸಕ್ಕೆ, ಕವರ್ ಒಣ ಕಸಕ್ಕೆ.

ಕೊನೆಗೆ ನನ್ನ ಒಂದು ಜಗಳ ಇದೆ. ಬಿಡಿಯಾಗಿ ಮಾರುವ ಸಿಹಿತಿಂಡಿಗಳ ಮುಂದೆ ಯಾವ ದಿನದವರೆಗೆ ತಿನ್ನಬಹುದು ಅಂತ ಬರೆಯಬೇಕು ಅನ್ನುವ ನಿಯಮ 2020ರ ಅಕ್ಟೋಬರ್ 1ರಿಂದ ಬಂತು. ಮೈಸೂರ್ ಪಾಕ್‌ಗಿಂತ ಬೇಗ ಕೆಡುವ ಬ್ರೆಡ್ ಮಾತ್ರ ಎಷ್ಟೋ ಸಣ್ಣ ಬೇಕರಿಗಳಲ್ಲಿ ತಾರೀಖೇ ಇಲ್ಲದ ಕವರಿನಲ್ಲಿ ಕೂತಿರುತ್ತದೆ. ಇವತ್ತಿನದಾ ಅಂತ ಕೇಳಿದರೆ ಎಲ್ಲಾ ಕಡೆ ಬರುವ ಉತ್ತರ ಒಂದೇ, ಹೌದು. ಪೊಟ್ಟಣ ಕಟ್ಟಿ ಮಾರಿದ ಮೇಲೆ ತಾರೀಖು ಹಾಕಬೇಕಾದ್ದು ನಿಯಮವೇ, ಅದೇನು ದೊಡ್ಡ ಖರ್ಚಿನ ಕೆಲಸವೂ ಅಲ್ಲ, ಒಂದು ರಬ್ಬರ್ ಸ್ಟಾಂಪ್ ಸಾಕು. ನಾನು ಬ್ರೆಡ್ ತರುವ ಬೇಕರಿಯಲ್ಲಿ ಇದನ್ನು ಬಿಡದೆ ಕೇಳುತ್ತಾ ಇದ್ದೆ. ಈಗ ಅವರು ಕವರಿಗೆ ಚಿಕ್ಕ ಚೀಟಿ ಅಂಟಿಸುತ್ತಾರೆ, ಬೇಯಿಸಿದ ದಿನ ಕೈಯಲ್ಲೇ ಬರೆದು. ನೀವೂ ನಿಮ್ಮ ಬೇಕರಿಯಲ್ಲಿ ಕೇಳಿ. ಇಬ್ಬರು ಮೂವರು ಗಿರಾಕಿಗಳು ದಿನಾ ಕೇಳಿದರೆ ಅವರು ಹಾಕಲೇಬೇಕಾಗುತ್ತದೆ.