ಒಂದೇ ತಿಂಗಳಲ್ಲಿ ಎರಡು ಗೌನು

ಮೇ ತಿಂಗಳಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಎರಡು ಸಲ ಗೌನು ತೊಟ್ಟಳು. ಮೊದಲ ಸಲ ಕಾಲೇಜು ಡಿಗ್ರಿ ತಗೊಳ್ಳೋಕೆ. ಅದಾಗಿ ಸುಮಾರು 15 ದಿನಕ್ಕೆ, ಹೈಸ್ಕೂಲು ಮುಗಿಸಿದ್ದಕ್ಕೆ. ಹಿಂದುಮುಂದಾಗಿದೆ ಅಲ್ವಾ ಅಂತ ಕೇಳಿದೆ. ಇಲ್ಲ, ಸರಿಯಾಗೇ ಇದೆ ಅಂದರು ಅವಳ ತಾಯಿ. ಅವರು ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾರೆ. ಅವರ ಮನೆತನದಲ್ಲೇ ಕಾಲೇಜು ಮೆಟ್ಟಿಲು ಹತ್ತಿದವಳು ಇವಳೇ ಮೊದಲು. ಹೇಳುವಾಗ ಅವರ ಕಣ್ಣು ತುಂಬಿತ್ತು. ನನಗೂ ಗಂಟಲು ಕಟ್ಟಿತು.

ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ, ರಾಲಿ ನಗರದ ಪಕ್ಕದ ಒಂದು ಊರಲ್ಲಿ. ಇಂಥ ಶಾಲೆಗೆ ಇಲ್ಲಿ ಅರ್ಲಿ ಕಾಲೇಜ್ ಅಂತಾರೆ. 9ನೇ ಕ್ಲಾಸಿಗೆ ಸೇರಬೇಕು; ಇಲ್ಲಿ ಹೈಸ್ಕೂಲು ಅಂದರೆ 9ರಿಂದ 12ನೇ ಕ್ಲಾಸು. ಹೆಚ್ಚಿನವು ಕಮ್ಯುನಿಟಿ ಕಾಲೇಜಿನ, ಅಂದರೆ ಎಲ್ಲ ವಯಸ್ಸಿನವರೂ ಓದುವ ಎರಡು ವರ್ಷದ ಸರ್ಕಾರಿ ಕಾಲೇಜಿನ, ಆವರಣದಲ್ಲೇ ಇವೆ. ಮೊದಮೊದಲು ಹೈಸ್ಕೂಲು ಪಾಠ ಜಾಸ್ತಿ, ಬರಬರುತ್ತಾ ಕಾಲೇಜು ಪಾಠ ಜಾಸ್ತಿ. 4 ಅಥವಾ 5 ವರ್ಷಕ್ಕೆ ಹೈಸ್ಕೂಲು ಸರ್ಟಿಫಿಕೇಟಿನ ಜೊತೆಗೆ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯೂ ಕೈಗೆ ಬರುತ್ತದೆ. ಕಾಲೇಜು ಪಾಠಕ್ಕೆ ಟ್ಯೂಷನ್ ಫೀಸಿಲ್ಲ. ನ್ಯೂಯಾರ್ಕಿನಲ್ಲಿ ಬಾರ್ಡ್ ಕಾಲೇಜಿನವರು ನಗರದ ಸರ್ಕಾರಿ ಶಾಲೆಗಳ ಜೊತೆ ಸೇರಿ 2001ರಲ್ಲೇ ಇಂಥದ್ದೊಂದನ್ನು ತೆರೆದಿದ್ದರು. ನಮ್ಮ ರಾಜ್ಯದಲ್ಲಿ ಈಗ ನೂರಕ್ಕೂ ಹೆಚ್ಚಿವೆ. ಮನೆಯಲ್ಲಿ ಯಾರೂ ಕಾಲೇಜು ಕಾಣದ ಮಕ್ಕಳಿಗೆ, ಓದು ಅರ್ಧಕ್ಕೆ ಬಿಡುವ ಹಾಗಿರುವ ಮಕ್ಕಳಿಗೆ ಅಂತಲೇ ಇವನ್ನು ಮಾಡಿದ್ದು. ನನಗೆ ಹಿಡಿಸಿದ್ದೇ ಅದು. ರ‍್ಯಾಂಕ್ ಬಂದವರನ್ನು ಆರಿಸಿ ಇನ್ನೂ ಮೇಲಕ್ಕೆ ಎತ್ತುವ ಕೆಲಸವಲ್ಲ ಇದು.

ಯಾವುದು ಕಷ್ಟ ಆಯ್ತಮ್ಮಾ ಅಂತ ಆ ಹುಡುಗಿಯನ್ನು ಕೇಳಿದೆ. ಲೆಕ್ಕ ಅಂತಾಳೆ ಅಂದುಕೊಂಡಿದ್ದೆ. ಬಯಾಲಜಿ ಲ್ಯಾಬು ಅಂದಳು. ಅವಳ ಜೊತೆಗೆ ಲ್ಯಾಬು ಮಾಡುತ್ತಿದ್ದವರು ಅವಳ ತಾಯಿಯ ವಯಸ್ಸಿನ ಹೆಂಗಸು. ರಾತ್ರಿ ಪಾಳಿ ಮುಗಿಸಿ ಸೀದಾ ಕ್ಲಾಸಿಗೆ ಬರುತ್ತಿದ್ದರಂತೆ, ನರ್ಸಿಂಗ್ ಓದಬೇಕು ಅಂತ. ನಿದ್ದೆಗೆಟ್ಟು ಬಂದವರ ಮುಂದೆ ತಾನು ಓದದೆ ಬಂದರೆ ನಾಚಿಕೆ ಆಗುತ್ತಿತ್ತಂತೆ ಇವಳಿಗೆ. ಬರೆದು ಕೊಡುವುದು ತಡವಾದರೆ ಮನೆಗೆ ಫೋನ್ ಹೋಗುವುದಿಲ್ಲ. ತಾನೇ ಹೋಗಿ ಮೇಷ್ಟ್ರ ಹತ್ತಿರ ಮಾತಾಡಬೇಕು. 16 ವರ್ಷಕ್ಕೆ ಅಷ್ಟು ನಂಬಿಕೆ ಇಟ್ಟಿದ್ದಾರೆ ಅವಳ ಮೇಲೆ.

ಅದೇ ಹೊತ್ತಿಗೆ ನನ್ನ ಅಕ್ಕನ ಮಗಳು ಊರಲ್ಲಿ ಸೆಕೆಂಡ್ ಪಿಯು ಓದುತ್ತಿದ್ದಳು. ನಾವು ಅದನ್ನೂ ಕಾಲೇಜು ಅಂತಲೇ ಕರೆಯುತ್ತೇವೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಬೀದಿಯವರೆಲ್ಲ ಕೇಳಿದ್ದು ಎರಡೇ ಮಾತು. ಎಷ್ಟು ಪರ್ಸೆಂಟು? ಸೈನ್ಸ್ ತಾನೇ? ಅವಳಿಗೆ ಚರಿತ್ರೆ ಇಷ್ಟ. ಬೇಲೂರಿಗೆ ಹೋದರೆ ಶಾಸನದ ಮುಂದಿನಿಂದ ಏಳಿಸಿಕೊಂಡು ಬರಬೇಕು. ಆದರೂ ಪಿಸಿಎಂಬಿಗೆ ಸೇರಿಸಿದರು, ಹಾಸ್ಟೆಲ್ ಇರುವ ಕಾಲೇಜಲ್ಲಿ. ಬೆಳಿಗ್ಗೆ 5ಕ್ಕೆ ಸ್ಟಡಿ ಅವರ್, ರಾತ್ರಿ 10ರವರೆಗೆ ಮತ್ತೆ ಅದೇ. ಭಾನುವಾರ 10 ನಿಮಿಷ ಫೋನು. ಒಂದು ಭಾನುವಾರ ನಾನೂ ಆ ಕರೆಗೆ ಸೇರಿಕೊಂಡೆ. "ಏನಮ್ಮಾ ಓದ್ತಿದ್ದೀಯ?" ಅಂದೆ. "ಓದ್ತಿಲ್ಲ ಮಾಮ, ಟೆಸ್ಟ್ ಬರೀತಿದ್ದೀನಿ ಅಷ್ಟೇ" ಅಂದಳು. ಆಮೇಲೆ, "ಟೈಮಾಯ್ತು ಮಾಮ, ಹಿಂದೆ ಲೈನಿದೆ."

ಆ ಮಾತು ಇನ್ನೂ ಚುಚ್ಚುತ್ತಿದೆ. ಅವಳದೂ ಅದೇ ವಯಸ್ಸು. ಅವಳೂ ಜಾಣೆಯೇ. ಎರಡು ವರ್ಷ ಅವಳು ತನಗಿಂತ ದೊಡ್ಡವರ ಜೊತೆ ಕೂತು ಏನನ್ನೂ ಕಲಿಯಲಿಲ್ಲ. ತನ್ನದೇ ವಯಸ್ಸಿನ ನೂರಾರು ಮಕ್ಕಳ ಜೊತೆ ಅಂಕಕ್ಕೆ ಗುದ್ದಾಡಿದಳು.

ಇಲ್ಲಿಯದೆಲ್ಲ ಚೆನ್ನ ಅಂತಲ್ಲ. ಈ ಶಾಲೆಗಳು ಚಿಕ್ಕವು, ಬೇಕು ಅಂದವರಿಗೆಲ್ಲ ಸೀಟು ಸಿಗುವುದಿಲ್ಲ. ಫುಟ್‌ಬಾಲ್ ತಂಡ, ಬ್ಯಾಂಡು ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲಿ ಮುಗಿಸಿದ ಕಾಲೇಜು ಪಾಠಕ್ಕೆ ಸಿಕ್ಕ ಕ್ರೆಡಿಟ್ಟುಗಳನ್ನು ಎಷ್ಟೋ ಖಾಸಗಿ ಯೂನಿವರ್ಸಿಟಿಗಳು ಪೂರ್ತಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಜನ ಇದಕ್ಕೆ ಮುಗಿಬೀಳಲು ಇನ್ನೊಂದು ಕಾರಣ, ಅಮೆರಿಕದಲ್ಲಿ ಕಾಲೇಜು ಅಂದರೆ ಸಾಲ. ನಮ್ಮಣ್ಣ ಊರಿನ ಸರ್ಕಾರಿ ಕಾಲೇಜಲ್ಲಿ ಬಿ.ಎ. ಮುಗಿಸಿದಾಗ ಮನೆಗೆ ಒಂದು ರೂಪಾಯಿ ಸಾಲ ಇರಲಿಲ್ಲ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಇದಕ್ಕೆ ಹತ್ತಿರದ್ದು ನಮ್ಮಲ್ಲಿ ಮೊದಲಿಂದಲೂ ಇದೆ. ಎಸ್ಸೆಸ್ಸೆಲ್ಸಿ ಆದಮೇಲೆ 3 ವರ್ಷದ ಡಿಪ್ಲೊಮಾ, ಆಮೇಲೆ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ನೇರ ಬಿ.ಇ. 2ನೇ ವರ್ಷಕ್ಕೆ. ನನ್ನ ಚಿಕ್ಕಪ್ಪನ ಮಗ ಹಾಗೇ ಓದಿದವನು. 16 ವರ್ಷಕ್ಕೆ ಅವನು ವರ್ಕ್‌ಶಾಪಿನಲ್ಲಿ ಅರ ಹಿಡಿದು ಕಬ್ಬಿಣ ಉಜ್ಜುತ್ತಿದ್ದ, ಬಿಸಿಲಲ್ಲಿ ಸರ್ವೆ ಮಾಡುತ್ತಿದ್ದ. ಆ ವರ್ಷ ಗೌರಿ ಹಬ್ಬಕ್ಕೆ ಬಂದ ನೆಂಟರೆಲ್ಲ ಅವನನ್ನು ಕೇಳಿದ್ದು, "ಯಾಕಪ್ಪಾ, ಪಿಯು ಸೀಟು ಸಿಗಲಿಲ್ವಾ?" ನಾನೂ ಕೇಳಿದ್ದೆ. ಅವನು ಊಟ ಮುಗಿಯುವವರೆಗೂ ಹಿತ್ತಲಿನಿಂದ ಒಳಗೆ ಬರಲಿಲ್ಲ.

ಈಗ ಅವನ ಮಗಳು 10ನೇ ಕ್ಲಾಸು. ಹೋದ ವಾರ ಫೋನ್ ಮಾಡಿ, ಡಿಪ್ಲೊಮಾಗೆ ಸೇರಿಸ್ತೀಯೇನೋ ಅಂತ ಕೇಳಿದೆ.

"ಅವಳಿಗೇನೋ ಇಷ್ಟ ಇದೆ ಅಣ್ಣ," ಅಂದ. "ಮನೇಲಿ ಯಾರೂ ಒಪ್ತಿಲ್ಲ."