ಮುಳುಗಿದ ಊರಿನ ನಕ್ಷೆಯನ್ನು ಮಕ್ಕಳು ಬರೆಯಲಿ

ಹೈಸ್ಕೂಲಿನಲ್ಲಿ ಪ್ರಾಜೆಕ್ಟ್ ಅಂದರೆ ಏನು ಅಂತ ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರದ ಯಾವ ಅಪ್ಪ ಅಮ್ಮನನ್ನು ಕೇಳಿದರೂ ಹೇಳುತ್ತಾರೆ. ಸಂಜೆ ಅಂಗಡಿಗೆ ಓಡಿ ಚಾರ್ಟ್ ಶೀಟು ತರುವುದು, ಅಲ್ಲೇ ಸಿಗುವ ಚಿತ್ರ ಕತ್ತರಿಸಿ ಅಂಟಿಸುವುದು, ಮೊಬೈಲು ನೋಡಿ ನಾಲ್ಕು ಸಾಲು ಬರೆಯುವುದು. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚಿನ ವಿಷಯಗಳಿಗೆ 100ರಲ್ಲಿ 20 ಅಂಕ ಶಾಲೆಯ ಕೈಯಲ್ಲೇ ಇರುತ್ತದೆ. ಇಂಥ ಜಾಗವನ್ನು ಹೀಗೆ ಕಳೆಯುತ್ತಿದ್ದೇವಲ್ಲ ಅನ್ನುವುದೇ ನನಗೆ ಸಂಕಟ.

ನಾನು ಕೇಳುವುದು ಇಷ್ಟು. ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಡ್ರಾಯಿಂಗ್, ಸಮಾಜ, ವಿಜ್ಞಾನ, ಗಣಿತದ ಮೇಷ್ಟ್ರುಗಳು ಸೇರಿ ಊರಿನೊಳಗೆ ಕರೆದುಕೊಂಡು ಹೋಗಲಿ. ವರ್ಷಕ್ಕೆ ಒಂದೇ ಕೆಲಸ ಸಾಕು. ಕೈಯಲ್ಲಿ ಡ್ರಾಯಿಂಗ್ ಪುಸ್ತಕ ಇರಲಿ.

ಶರಾವತಿ ಕಣಿವೆಯ ಶಾಲೆಗಳಾದರೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರಿನ ನಕ್ಷೆಯಿಂದ ಶುರು ಮಾಡಬಹುದು. ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಲ್ಲಿ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಹೆಚ್ಚಿನ ಮನೆಗಳಲ್ಲಿ ಆ ಊರಿನ ಒಂದು ಫೋಟೋ ಕೂಡ ಇಲ್ಲ. ಇರುವುದೆಲ್ಲ ಅಜ್ಜ ಅಜ್ಜಿಯರ ನೆನಪಿನಲ್ಲಿ. ಬಾವಿ ಎಲ್ಲಿತ್ತು, ಕಣ ಎಲ್ಲಿತ್ತು, ಊರ ದೇವತೆ ಚೌಡಿಯ ಬನ ಯಾವ ಕಡೆಗೆ, ಗದ್ದೆಗೆ ನೀರು ಎಲ್ಲಿಂದ ಬರುತ್ತಿತ್ತು ಅಂತ ಮಗು ಕೇಳಬೇಕು, ಕೇಳುತ್ತಾ ಬರೆಯಬೇಕು. "ಅಲ್ಲ ಮಗಾ, ಬಾವಿ ಆಚೆ ಬದಿಗೆ" ಅಂತ ಅಜ್ಜಿ ಅಂದರೆ ಅಳಿಸಿ ಮತ್ತೆ ಬರೆಯಬೇಕು. ಪಕ್ಕದ ಮನೆಯ ಅಜ್ಜ ಬಾವಿಯನ್ನು ಇನ್ನೊಂದು ಕಡೆ ಇಡುತ್ತಾರೆ. ಯಾರ ಮಾತು ಸರಿ? ಮೂರನೆಯವರನ್ನು ಕೇಳಿ, ಹಳೆಯ ಸರ್ವೆ ನಕ್ಷೆ ಸಿಕ್ಕಿದರೆ ಅದರ ಪಕ್ಕ ಇಟ್ಟು ನೋಡಬೇಕು. ಇತಿಹಾಸ ಬರೆಯುವವರು ಮಾಡುವ ಕೆಲಸವೂ ಇದೇ ಅಲ್ವಾ?

ಹಿರಿಯರು ದೂರವನ್ನು ಮೀಟರಿನಲ್ಲಿ ಹೇಳುವುದಿಲ್ಲ. ಕೂಗಳತೆ ದೂರ ಅನ್ನುತ್ತಾರೆ. ಮಕ್ಕಳು ಬಯಲಿಗೆ ಹೋಗಿ ಒಬ್ಬರು ಕೂಗಲಿ, ಇನ್ನೊಬ್ಬರು ಕೇಳದಷ್ಟು ದೂರ ನಡೆಯಲಿ, ಅಳೆಯಲಿ. ಗಾಳಿ ಬೀಸುವ ದಿಕ್ಕು ಬದಲಾದರೆ ಆ ದೂರವೂ ಬದಲಾಗುತ್ತದೆ. ಗಣಿತ, ವಿಜ್ಞಾನ ಎರಡೂ ಅಲ್ಲೇ ಆಯಿತು. ಸಮಾಜದ ಮೇಷ್ಟ್ರು ಕೇಳಿಸಬೇಕಾದ ಪ್ರಶ್ನೆ ಇನ್ನೂ ದೊಡ್ಡದು. ನಕ್ಷೆಯಲ್ಲಿರುವ ಈ ಗದ್ದೆ ಯಾರದ್ದು? ಉಳುತ್ತಿದ್ದವರು ಯಾರು? ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಮಾಡಿದ್ದು 1951ರಲ್ಲಿ. ಅದಾಗಿ ಹದಿಮೂರು ವರ್ಷಕ್ಕೆ ಅಣೆಕಟ್ಟು ಬಂತು. ಆಗ ಗೇಣಿ ಮಾಡುತ್ತಿದ್ದವರ ಹೆಸರು ಕಾಗದದಲ್ಲಿ ಇತ್ತಾ? ಪರಿಹಾರ ಯಾರ ಕೈಗೆ ಹೋಯಿತು? ಸಂತ್ರಸ್ತರ ಎಷ್ಟೋ ಮನೆಗಳಲ್ಲಿ ಹಕ್ಕುಪತ್ರದ ಗೋಳು ಇವತ್ತಿಗೂ ಮುಗಿದಿಲ್ಲ. ತಮ್ಮ ಮನೆಯ ಕಥೆ ಪಠ್ಯಪುಸ್ತಕದ ಕಥೆಗೆ ಎಲ್ಲಿ ಕೂಡುತ್ತದೆ ಅಂತ ಮಕ್ಕಳಿಗೆ ಕಾಣಬೇಕು.

ನಮ್ಮ ಕಡೆ ಮನೆಗೋಡೆಗೆ ಬರೆಯುವ ಹಸೆ ಚಿತ್ತಾರದ ಬಗ್ಗೆಯೂ ಒಂದು ಮಾತು. ಶಾಲೆಗಳು ಚಿತ್ತಾರ ಬರೆಯುವ ದೀವರ ಸಮುದಾಯದ ಹೆಂಗಸರನ್ನು ಕರೆಸಿ, ಎರಡು ಗಂಟೆ ಬರೆಸಿ, ಶಾಲು ಹೊದಿಸಿ ಫೋಟೋ ತೆಗೆದು ಕಳಿಸುತ್ತವೆ. ಇದು ಸಾಲದು. ಮಕ್ಕಳೇ ಅವರ ಜಗಲಿಗೆ ಹೋಗಿ ಕೂರಬೇಕು. ಅಕ್ಕಿ ನೆನೆಸಿ ಅರೆದರೆ ಬಿಳಿ, ಅದೇ ಅಕ್ಕಿ ಸುಟ್ಟರೆ ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಪುಂಡಿ ನಾರಿನ ಕುಂಚ. ಸ್ಕೇಲು ಇಲ್ಲದೆ ಅಷ್ಟು ನೇರ ಎಳೆ ಹೇಗೆ ಬರುತ್ತದೆ ಅಂತ ಪಕ್ಕದಲ್ಲಿ ಕೂತೇ ನೋಡಬೇಕು. ಎಲ್ಲ ಜಾತಿಯ ಮಕ್ಕಳೂ ಆ ಮನೆಯಲ್ಲಿ ಕೂತು, ಆ ಅಮ್ಮನನ್ನು ಗುರು ಅಂತ ಕಾಣಬೇಕು. ಅವರಿಗೆ ಸಂಭಾವನೆ ಕೊಡಲೇಬೇಕು. ಪಟ್ಟಣದಿಂದ ಬರುವ ಸಂಪನ್ಮೂಲ ವ್ಯಕ್ತಿಗೆ ಕೊಡುತ್ತೇವೆ, ಇವರಿಗೆ ಯಾಕಿಲ್ಲ?

ರಿಸಲ್ಟ್ ಯಾರು ಕೊಡ್ತಾರೆ ಅಂತ ಮೇಷ್ಟ್ರುಗಳು ಕೇಳುತ್ತಾರೆ. ಅವರ ಮೇಲಿನ ಒತ್ತಡ ನನಗೆ ಗೊತ್ತು. ಅದಕ್ಕೇ ಹತ್ತನೇ ಕ್ಲಾಸು ಬಿಟ್ಟು ಒಂಬತ್ತನ್ನು ಹೇಳುತ್ತಿದ್ದೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಊರಿನ ಬಡಗಿ, ಕುಂಬಾರ, ಕಲಾವಿದರ ಜೊತೆ ಹತ್ತು ದಿನ ಬ್ಯಾಗಿಲ್ಲದೆ ಕಲಿಯುವ ಮಾತು ಆಡಿತ್ತು. ಆದರೆ ಅದು 6ರಿಂದ 8ನೇ ತರಗತಿಗೆ ಮಾತ್ರ. ಆ ನೀತಿ ಬೇಕೋ ಬೇಡವೋ ಅನ್ನುವ ಜಗಳ ಬೇರೆ. ಪ್ರಶ್ನೆ ಕೇಳುವ ಧೈರ್ಯ ಬರುವ ವಯಸ್ಸಿಗೇ ಬಾಗಿಲು ಹಾಕುವುದು ಸರಿಯಲ್ಲ.

ಕಾಲವನ್ನೂ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಆಗುವ ಮಾತಲ್ಲ. ಬೇಸಿಗೆಯ ಹೊತ್ತಿಗೆ ಮಂಗನ ಕಾಯಿಲೆಯ ಭಯ, ಕಾಡಂಚಿಗೆ ಮಕ್ಕಳನ್ನು ಕಳಿಸುವ ಹಾಗಿಲ್ಲ. ಗದ್ದೆಯ ಪೈರಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆಯ ಹೊತ್ತಿಗೆ ಶುರು ಮಾಡಿ ಡಿಸೆಂಬರಿಗೆ ಮುಗಿಸಿದರೆ ಒಳ್ಳೆಯದು. ಹಬ್ಬಕ್ಕೆ ಮೊದಲು ಮನೆಮನೆಯಲ್ಲಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುತ್ತಿರುತ್ತಾರೆ. ಹಬ್ಬದ ದಿನ ಗದ್ದೆಗೆ ಬೀರುವ ಹಚ್ಚಂಬಲಿಗೆ ಹಾಕುವ ಸೊಪ್ಪುಗಳನ್ನು ಒಂದೊಂದಾಗಿ ಬರೆದು ಹೆಸರು ಹಾಕಿದರೂ ಒಳ್ಳೆಯ ಸಸ್ಯಶಾಸ್ತ್ರದ ಪಾಠ.

ಒಂದು ಷರತ್ತು ಮಾತ್ರ ಬಿಡಬಾರದು. ಹೇಳಲು ಇಷ್ಟವಿಲ್ಲದವರನ್ನು ಕೆದಕಬಾರದು. ಊರು ಬಿಟ್ಟ ದಿನದ ಮಾತು ಎಷ್ಟೋ ಜನರಿಗೆ ಇನ್ನೂ ನೋವು. ಮುಗಿದ ನಕ್ಷೆಯ ಒಂದು ಪ್ರತಿ ಹೇಳಿದವರ ಮನೆಗೆ, ಒಂದು ಗ್ರಾಮ ಪಂಚಾಯಿತಿ ಲೈಬ್ರರಿಗೆ ಹೋಗಲಿ. ಶಾಲೆಯ ಬೀರುವಿನಲ್ಲಿ ಧೂಳು ತಿನ್ನುವುದು ಬೇಡ.

ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಈ ಮಾತು ಎತ್ತಿ. ಒಂದು ಶಾಲೆ, ಒಂದು ಊರು, ಒಂದು ನಕ್ಷೆ ಸಾಕು. ಆದರೆ ಮುಂದಿನ ವರ್ಷ ನೋಡೋಣ ಅನ್ನಬೇಡಿ. ಅಜ್ಜಿಯರಿಗೆ ಎಪ್ಪತ್ತು ದಾಟಿದೆ.